ಮೂರನೆಯ ಗೆರೆ

ನಡುಗಡ್ಡೆ, ಸಿರುಗುಪ್ಪ ಹೊಳೆ
ತಾ. 21-11-1979

ಬಳ್ಳಾರಿಯಲ್ಲಿರುವ ನನ್ನ ಯಜಮಾನರಾದ ಗಾದಿಲಿಂಗಪ್ಪನವರಿಗೆ ಚನ್ನವೀರಮ್ಮನ ಶರಣಾರ್ಥಿಗಳು.

ನಿಮ್ಮ ಸೊಂಟನೋವು ಹೇಗಿದೆ? ಬ್ರೂಸ್‌ಪೇಟೆಯ ಸುಂಕಮ್ಮ ಹೊತ್ತಿಗೆ ಸರಿಯಾಗಿ ಉಣ್ಣಲು ಹಾಕುತ್ತಿದ್ದಾಳೆಂದು ನಂಬಿದ್ದೇನೆ. ಎರಡು ವರ್ಷ ಅವಳ ಮನೆಯಲ್ಲಿದ್ದು ಈಗ "ತಪ್ಪಾತು, ಅವ್ವನ್ನ ನೋಡಾಕ ಬರ್ತೀನಿ" ಎಂದು ಬರೆದಿದ್ದೀರಿ. ಕಾಗದ ಹೋದ ವಾರವೇ ಮುಟ್ಟಿತು. ಅತ್ತೆಗೆ ಓದಿ ಹೇಳಲಿಲ್ಲ. ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ, ಕಾಗದ ಬಂದದ್ದೂ ಅವರಿಗೆ ಗೊತ್ತಿಲ್ಲ.

ಇಲ್ಲಿಯ ಸಮಾಚಾರವೆಂದರೆ ನಮ್ಮ ಮೋಟರ್ ದೋಣಿಯದೇ. ಡೀಸೆಲ್ಲಿಗೆ ಬರ ಬಂದು ವಾರಕ್ಕೆ ಒಂದೇ ಡಬ್ಬಿ ಕೊಡುತ್ತಿದ್ದಾರೆ. ನೀವು ಓಡಿಸುತ್ತಿದ್ದಂತೆ ಓಡಿಸಿದರೆ ಗುರುವಾರಕ್ಕೇ ಖಾಲಿ. ನಡುಗಡ್ಡೆಯ ಭತ್ತ ಮಿಲ್ಲಿಗೆ ಹೋಗುವುದು ಹೇಗೆ? "ಹೆಣ್ಮಗಳ ಕೈಯಾಗ ದೋಣಿ ಯಾಕ, ಮಾರಿಬಿಡವ್ವಾ" ಎಂದರು ಊರ ಹಿರಿಯರು. ಎಂಟು ದಿನ ಕೊಡಿ ಎಂದೆ. ಆಸ್ಪತ್ರೆಯಿಂದ ಖಾಲಿ ಗ್ಲೂಕೋಸ್ ಬಾಟ್ಲಿ ತಂದು, ಡೀಸೆಲ್ ತುಂಬಿ, ಟ್ಯಾಂಕಿನ ಬದಲು ಅದನ್ನೇ ಎಂಜಿನ್ನಿಗೆ ತೂಗುಹಾಕಿದೆ. ವೇಗದ ಹಿಡಿಯ ಪಕ್ಕದಲ್ಲಿ ಸುಣ್ಣದಿಂದ ಐದು ಗೆರೆ ಎಳೆದೆ. ಯಾವ ಗೆರೆಯಲ್ಲಿ ಎಷ್ಟು ದೂರ ಹೋಗುತ್ತದೆಂದು ನೋಡಲು ಗೆರೆಗೊಂದು ಬಾಟ್ಲಿ ಓಡಿಸಿದೆ, ಅರ್ಧ ಬಾಟ್ಲಿ ನೀರಿಗೆ ಎದುರಾಗಿ, ಅರ್ಧ ನೀರಿನ ಜೊತೆ. ನೀವು ನೀರಿನ ಜೊತೆ ಇಳಿಯುವಾಗಿನ ಓಟ ಮಾತ್ರ ನೋಡಿ ಮೀಸೆ ತಿರುವಿದವರು. ನೀವು ಓಡಿಸುತ್ತಿದ್ದ ಐದನೆಯ ಗೆರೆಯಲ್ಲಿ ದೋಣಿ ಮೂತಿ ಮೇಲೆತ್ತಿ, ಹಿಂಭಾಗ ನೀರಿಗೆ ಊರಿಕೊಂಡು ಒದ್ದಾಡಿತು. ಸದ್ದು ಬಹಳ, ಸಾಗಿದ ದಾರಿ ಕಡಿಮೆ, ಥೇಟ್ ನೀವೇ. ಒಂದನೆಯದರಲ್ಲಿ ಹೊಳೆಯೇ ಹಿಂದಕ್ಕೆ ತಳ್ಳಿತು. ಮೂರನೆಯದಕ್ಕೆ ಮೂತಿ ಮಟ್ಟಸವಾಗಿ ಕೂತು, ಅದೇ ಬಾಟ್ಲಿಯಲ್ಲಿ ಒಂದೂವರೆಪಟ್ಟು ದೂರ ಹೋಯಿತು. ಸುಣ್ಣ ಅಳಿಸಿದರೂ ಗುರುತು ಉಳಿಯಲೆಂದು ಅಲ್ಲಿ ಅರದಿಂದ ಗೀರಿಬಿಟ್ಟಿದ್ದೇನೆ. ಈಗ ಡಬ್ಬಿ ಭಾನುವಾರದವರೆಗೆ ಬರುತ್ತದೆ, ಮಾರುವ ಮಾತು ಯಾರೂ ಎತ್ತುವುದಿಲ್ಲ.

ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿದರೆ ಎಣ್ಣೆ ಹಾಳು. ಅದಕ್ಕೆ ಬಳ್ಳಾರಿ ಬಸ್ಸಿಳಿದವರು ಕಾಯುವ ಹುಣಸೆಮರದ ದಡದಲ್ಲಿ ನಿಲ್ಲಿಸುವುದನ್ನು ಬಿಟ್ಟು ನೇರ ಮಿಲ್ಲಿನ ದಡಕ್ಕೇ ಹೋಗುತ್ತೇವೆ. ಅತ್ತೆ ದಿನಾ ದೋಣಿಯಲ್ಲಿ ಬಂದು ಕೂರುತ್ತಾರೆ, ನೀವು ಬಂದರೆ ಮೊದಲು ತಮಗೇ ಸಿಗಬೇಕಂತೆ. "ನನ್ನ ಮಗ ಇದ್ದಿದ್ರ ಗಾಳಿಯಂಗ ಒಯ್ತಿದ್ದ" ಎಂದು ನನ್ನನ್ನೇ ಚುಚ್ಚುತ್ತಾರೆ. ಎರಡು ವರ್ಷದಿಂದ ಅವರ ಬಾಯಿಗೆ ಗಂಜಿ ಹಾಕುವ ಕೈ ಯಾರದೆಂದು ಅವರೂ ಕೇಳಿಲ್ಲ, ನೀವೂ ಕೇಳಿಲ್ಲ.

ಸುಂಕಮ್ಮನಿಗೂ ನನ್ನ ಶರಣು ತಿಳಿಸಿ. ಗುರು ನಿಮಗೆ ದೀರ್ಘಾಯುಷ್ಯ ಕೊಡಲಿ. ಈ ಕಾಗದವನ್ನು ನೆನೆಯುತ್ತಿರಲು ಅಷ್ಟು ಆಯುಷ್ಯ ಬೇಕಾಗುತ್ತದೆ.

ಇಂತಿ,
ಚನ್ನವೀರಮ್ಮ

ಬರೆಯಲು ಮರೆತೆ: ಮೊನ್ನೆ ಸೋಮವಾರ ಹುಣಸೆಮರದ ದಡದಲ್ಲಿ ಮೊಣಕಾಲುದ್ದ ನೀರಿಗಿಳಿದು, ಟವೆಲ್ ಬೀಸಿ ಕೂಗಿದವರು ನೀವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅತ್ತೆ ಎದ್ದೇ ನಿಂತರು. "ಯಾರವ್ವಾ ಕೂಗಾಕತ್ತಾರ? ನಮ್ಮ ಗಾದಿಲಿಂಗನ ದನಿ ಇದ್ದಂಗೈತಿ" ಎಂದರು. "ಯಾರೋ ದನ ಕಾಯೋರು, ಕುಂದರ್ರಿ ಅತ್ತಿ" ಎಂದೆ. ಕೂತರು. ಎರಡು ವರ್ಷದಲ್ಲಿ ಮೊದಲ ಸಲ ನನಗೆ ಹಿಗ್ಗಾಯಿತು. ಹಿಡಿಯನ್ನು ಮೂರನೆಯ ಗೆರೆಯಿಂದ ಕದಲಿಸಲಿಲ್ಲ. ಮಿಲ್ಲಿನ ದಡ ಬರುವವರೆಗೂ ನಿಮ್ಮ ಅವ್ವ ಆ ಕಡೆಗೇ ಮುಖ ಮಾಡಿ ಕೂತಿದ್ದರು.