ಕಲ್ತಪ್ಪಕ್ಕೆ ಹೆದರಿ ಮಕ್ಕಳ ಶನಿವಾರ ನಿಲ್ಲಿಸಿದವರಿಗೆ

ಶಾಲೆಗಳ ಮೇಲೆ ಅಧಿಕಾರ ನಡೆಸುವ ಮಾನ್ಯರೇ,

ತಾವು ನಿಲ್ಲಿಸಿದ ಶನಿವಾರವನ್ನು ನಮ್ಮ ಮಕ್ಕಳಿಗೆ ವಾಪಸು ಕೊಡಿ. ಕ್ಷೇಮ ಸಮಾಚಾರ ಆಮೇಲೆ ಮಾತಾಡುವ. ನಾನು ಪುತ್ತಿಗೆಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತವಳು. ಅಕ್ಷರ ಸೊಟ್ಟ ಇರಬಹುದು, ಮಾತು ಸೊಟ್ಟ ಇಲ್ಲ.

ಪತ್ರಿಕೆ ಓದುವ ಬೇರೆಯವರಿಗೂ ತಿಳಿಯಲಿ ಎಂದು ಮೊದಲಿಂದ ಹೇಳುತ್ತೇನೆ. ಕಾಸರಗೋಡು ಪೇಟೆಯಲ್ಲಿ ನನ್ನ ಮೊಮ್ಮಗಳು ಜಸೀಲಾ ಹತ್ತನೇ ಕ್ಲಾಸು ಓದುವ ಹೈಸ್ಕೂಲಿನಲ್ಲಿ ಈ ವರ್ಷ ಒಂದು ಒಳ್ಳೆ ಕೆಲಸ ಶುರುವಾಗಿತ್ತು. ಊರಿನ ವಕೀಲರು, ಇಂಜಿನಿಯರು, ಡಾಕ್ಟರುಗಳು ಶನಿವಾರ ನಾಲ್ಕೈದು ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ ತಮ್ಮ ಕೆಲಸ ತೋರಿಸುವುದು. ವಕೀಲ ಹರಿನಾಥರ ಆಫೀಸಿಗೆ ಹೋದ ಹುಡುಗನೊಬ್ಬ, "ಸಿನಿಮಾದ ಹಾಗೆ ಕಿರುಚುವುದು ಎಂತದೂ ಇಲ್ಲ, ಬರೀ ಓದುವುದೇ ಓದುವುದು" ಎಂದು ಮುಖ ಸಣ್ಣ ಮಾಡಿಕೊಂಡು ಬಂದ. ಅದೂ ಲಾಭವೇ. ವರ್ಷಗಟ್ಟಲೆ ಕಾನೂನು ಓದಿದ ಮೇಲೆ ಮುಖ ಸಣ್ಣ ಆಗುವುದಕ್ಕಿಂತ ಈಗಲೇ ಆಗುವುದು ವಾಸಿಯಲ್ಲವೇ?

ಜಸೀಲಾ ಹೋದದ್ದು ಪ್ರಾಣಿಗಳ ಡಾಕ್ಟರು ಮೋಹಿನಿಯವರ ಜೊತೆ. ಚಿಕ್ಕಂದಿನಿಂದ ಅವಳಿಗೆ ಅದೇ ಆಸೆ. ಬೀದಿಯ ಕುಂಟ ಬೆಕ್ಕುಗಳಿಗೆಲ್ಲ ನಮ್ಮ ಮನೆಯೇ ಆಸ್ಪತ್ರೆ. ಆ ದಿನ ಸೀತಾಂಗೋಳಿ ಹತ್ತಿರದ ಒಂದು ಮನೆಯಲ್ಲಿ ಆಡಿನ ಹೆರಿಗೆ ಕಷ್ಟವಾಗಿತ್ತಂತೆ, ಮರಿ ಅಡ್ಡ ತಿರುಗಿತ್ತಂತೆ. ಡಾಕ್ಟರಮ್ಮ ಕೈ ಒಳಗೆ ಹಾಕಿದ್ದೇ ತಡ, ನಮ್ಮ ಹುಡುಗಿ ಬಾಳೆಯ ಬುಡಕ್ಕೆ ಓಡಿ ಕಾರಿದ್ದಾಳೆ. ತಿರುಗಿ ಬರುವಾಗ ಮರಿ ಹುಟ್ಟಿ ಆಗಿತ್ತು. ಮನೆಗೆ ಬಂದವಳು, "ಉಮ್ಮಮ್ಮಾ, ನನ್ನಿಂದ ಇದು ಆಗುವುದಿಲ್ಲ" ಎಂದು ಮುಸುಕು ಹಾಕಿ ಮಲಗಿದಳು.

ಅವಳ ಅಪ್ಪ, ನನ್ನ ಅಳಿಯ ಬಾಸಿತ್‌ಗೆ ಚಪ್ಪಲಿ ಅಂಗಡಿ ಉಂಟು. "ನಾನು ಆಗಲೇ ಹೇಳಲಿಲ್ಲವಾ? ಪ್ಲಸ್ ಒನ್‌ಗೆ ಕಾಮರ್ಸ್ ತೆಗೆದುಕೊಳ್ಳಲಿ. ಚಪ್ಪಲಿ ನೋಡಿ ಯಾರೂ ವಾಂತಿ ಮಾಡುವುದಿಲ್ಲ" ಎಂದ.

"ಕೆಲವು ಗಿರಾಕಿಗಳ ಕಾಲು ನೋಡಿದರೆ ಮಾಡಬೇಕಾದೀತು" ಎಂದೆ ನಾನು.

ಸಂಜೆ ಡಾಕ್ಟರಮ್ಮನೇ ಫೋನು ಮಾಡಿದರು. "ಮೊದಲ ಸಲ ನಾನು ತಲೆ ತಿರುಗಿ ಬಿದ್ದೇ ಬಿಟ್ಟಿದ್ದೆ, ಜಸೀಲಾ. ಇನ್ನೊಂದು ಶನಿವಾರ ಬಾ. ಆಮೇಲೂ ಬೇಡ ಅನಿಸಿದರೆ ಬಿಡು. ಅರ್ಧ ನೋಡಿ ಬಿಡಬೇಡ." ಹುಡುಗಿ ಎದ್ದು ಅನ್ನ ತಿಂದಳು.

ಆ ಇನ್ನೊಂದು ಶನಿವಾರವನ್ನೇ ತಾವು ತಿಂದುಹಾಕಿದ್ದು.

ಕಾರಣ? ನನ್ನ ಕಲ್ತಪ್ಪ. ಕಲಿಸುವವರ ಬಳಿಗೆ ಮಗುವನ್ನು ಮೊದಲ ದಿನ ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಅಕ್ಕಿ, ಬೆಲ್ಲ, ಮೇಲೆ ಹುರಿದ ನೀರುಳ್ಳಿ, ಬಿಸಿಬಿಸಿ ಒಂದು ಡಬ್ಬಿ ಕೊಟ್ಟು ಕಳಿಸಿದ್ದೆ. ಡಾಕ್ಟರಮ್ಮ ಅದನ್ನು ಶಾಲೆಯ ಗೇಟಿನಲ್ಲೇ ಬಿಡಿಸಿ ಮಕ್ಕಳಿಗೆ, ರಿಕ್ಷಾದವನಿಗೆ ಹಂಚಿ ತಾನೊಂದು ತುಂಡು ತಿಂದರು. ಯಾವ ಪುಣ್ಯಾತ್ಮ ಫೋಟೋ ಹೊಡೆದನೋ, ಅದೇ ವಾರ ತಮ್ಮ ಆದೇಶ ಬಂತು: "ವಿದ್ಯಾರ್ಥಿಗಳ ಮನೆಯವರಿಂದ ಪ್ರತಿಫಲ ಸ್ವೀಕರಿಸುತ್ತಿರುವುದು ಗಮನಕ್ಕೆ ಬಂದಿರುವುದರಿಂದ" ಎಲ್ಲ ಭೇಟಿಗಳೂ ರದ್ದು.

ನಾನು ಬಸ್ಸು ಹತ್ತಿ ತಮ್ಮ ಕಚೇರಿಗೂ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರು, "ಇವತ್ತು ತಿಂಡಿ, ನಾಳೆ ಮತ್ತೆಂತದೋ. ಹೀಗೇ ಶುರುವಾಗುವುದು, ಉಮ್ಮಾ" ಎಂದರು.

"ನಾಳೆಯೂ ತಿಂಡಿಯೇ, ಮಗಾ" ಎಂದೆ.

ಮಾನ್ಯರೇ, ಡಾಕ್ಟರಮ್ಮ ಜಸೀಲಾಗೆ ಮಾರ್ಕು ಹಾಕುತ್ತಾರಾ? ಸೀಟು ಕೊಡಿಸುತ್ತಾರಾ? ಕಲ್ತಪ್ಪ ತಿಂದ ಋಣಕ್ಕೆ ಆಡಿನ ಮರಿಯನ್ನು ನೆಟ್ಟಗೆ ತಿರುಗಿಸಿಟ್ಟು ಹುಡುಗಿಗೆ ತೋರಿಸಿದರಾ? ರಜೆಯ ದಿನ ಪರರ ಮಕ್ಕಳನ್ನು ಕರೆದುಕೊಂಡು ತಿರುಗುವವರ ಕೈಗೆ ಒಂದು ತುಂಡು ತಿಂಡಿ ಇಟ್ಟರೆ ಭ್ರಷ್ಟಾಚಾರ. ಆದರೆ ಭೇಟಿಯ ಬದಲಿಗೆ ತಾವು ಸಭಾಂಗಣದಲ್ಲಿ ಮಾಡಿಸಿದ ಕಾರ್ಯಕ್ರಮದಲ್ಲಿ ತಮಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟದ್ದನ್ನು ಜಸೀಲಾ ಹಿಂದಿನ ಸಾಲಿನಿಂದ ನೋಡಿದ್ದಾಳೆ. ಅದು ಗೌರವ. ಬುಟ್ಟಿಯಲ್ಲಿ ಅನಾನಸು ಇದ್ದರೆ ಗೌರವ, ಡಬ್ಬಿಯಲ್ಲಿ ಬೆಲ್ಲ ಇದ್ದರೆ ಲಂಚ. ಈ ಲೆಕ್ಕ ನನ್ನ ನಾಲ್ಕನೇ ಕ್ಲಾಸಿನಲ್ಲಿ ಕಲಿಸಲಿಲ್ಲ.

ಆ ಸಭೆಯಲ್ಲಿ ದೊಡ್ಡ ಪರದೆ ಹಾಕಿ ಎಲ್ಲಿಯವರೋ ಒಬ್ಬರು "ಆಕಾಶಕ್ಕೆ ಗುರಿಯಿಡಿ" ಎಂದರಂತೆ. ನಮ್ಮ ಹುಡುಗಿಗೆ ಆಕಾಶ ಬೇಡ. ಆಡಿನ ಹಟ್ಟಿಯೊಳಗೆ ಇನ್ನೊಂದು ಸಲ ನಿಲ್ಲಲು ತನ್ನಿಂದ ಆಗುತ್ತದಾ ಎಂದು ಅವಳಿಗೆ ಗೊತ್ತಾಗಬೇಕು. ಪರೀಕ್ಷೆ ಮುಗಿದರೆ ಶಾಲೆಯೂ ಮುಗಿಯಿತು, ಸಯನ್ಸೋ ಕಾಮರ್ಸೋ ಹೇಳಬೇಕು. ಕಾಮರ್ಸ್ ಓದಲಿ, ನನಗೆ ಬೇಜಾರಿಲ್ಲ. ಒಂದು ವಾಂತಿಗೆ ಹೆದರಿ ಓದಬಾರದು.

ಆದ್ದರಿಂದ ಆದೇಶ ಹಿಂತೆಗೆಯಿರಿ. ಸೋಮವಾರ ನಾನು ತಮ್ಮ ಕಚೇರಿಗೆ ಬರುತ್ತೇನೆ, ಅದೇ ಡಬ್ಬಿಯಲ್ಲಿ ಅದೇ ಕಲ್ತಪ್ಪ ಹಿಡಿದುಕೊಂಡು. ಎಲ್ಲರ ಎದುರಿಗೆ ಒಂದು ತುಂಡು ತಿನ್ನಿ. ತಿಂದ ಮೇಲೆ ನನಗೋಸ್ಕರ ಏನಾದರೂ ಅನ್ಯಾಯ ಮಾಡಬೇಕೆಂದು ತಮಗೆ ಅನಿಸಿದರೆ ಆದೇಶ ಹಾಗೇ ಇರಲಿ. ಅನಿಸದಿದ್ದರೆ, ಬರುವ ಶನಿವಾರ ಮಕ್ಕಳನ್ನು ಬಿಡಿ. ಮೀಟಿಂಗಿನಲ್ಲಿದ್ದರೆ ಕಾಯುತ್ತೇನೆ. ಕಲ್ತಪ್ಪ ಆರಿದರೂ ರುಚಿಯೇ.

ಇಂತಿ,
ತಮ್ಮ ಆದೇಶದಲ್ಲಿ ಹೆಸರು ಬಿಟ್ಟುಹೋದ ಅಪರಾಧಿ,
ಉಮ್ಮಾಲಿಮ್ಮ
ಕಾಸರಗೋಡು ಪೇಟೆ