ಹೋಗುವವರಿಗೆ ತೆರೆದ ಬಾಗಿಲು

ವಾಜೋ, ೯ ಆಗಸ್ಟ್ ೧೯೧೩, ಶನಿವಾರ

ಡಚ್ಚರ ಶಾಲೆ ಬಿಟ್ಟಾಗಿನಿಂದ ಹಡಗು ಹತ್ತುವ ಆಸೆಯನ್ನು ಬಚ್ಚಿಟ್ಟಿದ್ದೆ. ಇವತ್ತು ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ! ಅಪ್ಪ ಈ ಊರಿನ ಒಡೆಯ, ನಮ್ಮ ದ್ವೀಪವನ್ನು ಡಚ್ಚರು ಗೆದ್ದ ಮೇಲೆ ಅವರ ಸಂಬಳದವನು. ರಸ್ತೆಯ ಬಿಟ್ಟಿ ಕೆಲಸಕ್ಕೆ ಆಳು ಒದಗಿಸದಿದ್ದರೆ ಪದವಿ ಹೋಗುತ್ತದೆ.

"ರಹದಾರಿ ಇಲ್ದೆ ಯಾರೂ ಊರು ಬಿಡೋ ಹಾಗಿಲ್ಲ. ನನ್ನ ಮಗನೇ ಹೋದ್ರೆ ಇನ್ಯಾರು ಕಲ್ಲು ಹೊರ್ತಾರೆ?"

ಅಜ್ಜಿ ಮೀನಿನ ಮುಳ್ಳು ಬಿಡಿಸುತ್ತಲೇ ನಕ್ಕಳು. "ಪಟ್ಟಕ್ಕೆ ಕೂರಿಸಿದಾಗ ಜನರೆದುರು ಏನಂದಿದ್ದೆ ಮಗಾ? ಹೋಗೋರಿಗೆ ಬಾಗಿಲು ಹಾಕಲ್ಲ ಅಂತ. ಆ ಮಾತಿಗೇ ಜನ ನಿನ್ನ ಒಪ್ಪಿದ್ದು. ಡಚ್ಚರ ಟೋಪಿ ತಲೆಗೆ ಬಿಗಿಯಾಯ್ತೇನೋ?"

ಅಪ್ಪ ಕೈತೊಳೆದು ಎದ್ದ. ಬೀದಿಬಾಗಿಲನ್ನು ತಾನೇ ತೆರೆದಿಟ್ಟು, "ಸೆಕೆ. ಗಾಳಿ ಬರ್ಲಿ" ಎಂದ.

ಅವನ ಪದವಿ ಹೋದರೂ ಹೋದೀತು. ಅದು ಗೊತ್ತಿದ್ದೂ ಖುಷಿ ತಡೆಯಲಾಗುತ್ತಿಲ್ಲ, ಸುಳ್ಳೇಕೆ ಬರೆಯಲಿ? ಬಾಗಿಲು ಇನ್ನೂ ತೆರೆದೇ ಇದೆ.

ನಾಳೆ ಹೊರಡುತ್ತೇನೆ.