ಮೆಕ್ಸಿಕೋದವನ ಮೀಸೆ

ಶರಣಪ್ಪಣ್ಣಾ,

ನಿನ್ನ ಮಗಳು ಊರ್ಮಿಳಾ ನನ್ನನ್ನು ಅಮೆರಿಕದ ಗೈದರ್ಸ್‌ಬರ್ಗಿಗೆ ಕರೆಸಿಕೊಂಡಿದ್ದಾಳೆ. ಇಲ್ಲಿ ದೊಡ್ಡ ಡಾಕ್ಟರು ಅವಳು. ಮೊನ್ನೆ ವಾಷಿಂಗ್ಟನ್ನಿನಲ್ಲಿ ಮೆಕ್ಸಿಕೋ ಕ್ರಾಂತಿಯ ಫೋಟೋ, ಪೋಸ್ಟ್‌ಕಾರ್ಡುಗಳ ಪ್ರದರ್ಶನ ತೋರಿಸಿದಳು. ಗಡಿಯಾಚೆ ಗುಂಡು ಹಾರುತ್ತಿದ್ದರೆ ಈಚೆಯ ಅಮೆರಿಕದವರು ಮಾಳಿಗೆ ಹತ್ತಿ ನೋಡಿದರಂತೆ, ಚಿತ್ರ ತೆಗೆದು ಮಾರಿದರಂತೆ. ನೀನು ರಜಾಕಾರರ ವಿರುದ್ಧ ಹೋರಾಡಲು ನಿಜಾಮನ ಗಡಿ ದಾಟಿ ಹೋಗಿ ಮರಳದೇ ಇದ್ದಾಗ ನಮ್ಮೂರಿಗೆ ಒಂದು ಕ್ಯಾಮೆರಾ ಬರಲಿಲ್ಲ ನೋಡು. ನಿನ್ನದೊಂದು ಫೋಟೋ ಇಲ್ಲ.

ಆಗಿನ್ನೂ ಅವಳು ತಾಯಿಯ ಹೊಟ್ಟೆಯಲ್ಲಿದ್ದಳು. ಮೊನ್ನೆ ಆ ಫೋಟೋಗಳ ಮುಂದೆ ನಿಂತು, "ಕಾಕಾ, ಅಪ್ಪ ಹ್ಯಾಂಗಿದ್ದ?" ಅಂದಳು. ನಾನು ಸುಮ್ಮನಿರುವವನೇ? ಒಂದು ಪೋಸ್ಟ್‌ಕಾರ್ಡಿನಲ್ಲಿದ್ದ, ಎದೆಗೆ ಗುಂಡಿನ ಪಟ್ಟಿ ಬಿಗಿದ ಮೀಸೆಯವನೊಬ್ಬನನ್ನು ತೋರಿಸಿ, "ಥೇಟ್ ಹಿಂಗ ಇದ್ದ. ಇವನಕಿಂತ ಒಂದು ಗೇಣು ಎತ್ತರ!" ಅಂದೆ.

ಅವಳು ಆ ಕಾರ್ಡಿನ ಪ್ರತಿ ಕೊಂಡು ತಂದಳು. ಇವತ್ತು ಪಿತೃಪಕ್ಷದ ಅಮಾವಾಸ್ಯೆ. ಅದಕ್ಕೆ ಕುಂಕುಮ ಹಚ್ಚಿ, ಮುಂದೆ ಹೋಳಿಗೆಯ ಎಡೆ ಇಟ್ಟಿದ್ದಾಳೆ. ನೀನು ಹೋದಾಗ ನಾನು ಸಣ್ಣವನು, ನಿನ್ನ ಮುಖ ನನಗೇ ನೆನಪಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕನ್ನಡಿ ತಂದು ಕಾರ್ಡಿನ ಪಕ್ಕ ಹಿಡಿದಳು.

"ಕಾಕಾ, ನನ್ನ ಮೂಗು ಅಪ್ಪಂದ ಅಲ್ಲೇನು?"

"ಹೌದವ್ವಾ," ಅಂದೆ.